ತೂಕ ಹೆಚ್ಚಿದಂತೆ ಪಿಎಸ್‌ಎ ತಗ್ಗುವುದೇಕೆ?

ಕಾಸರಗೋಡು, ಮಂಜೇಶ್ವರದ ಕನ್ನಡ ಮನೆಗಳಲ್ಲಿ ಯಾರಿಗಾದರೂ ಕ್ಯಾನ್ಸರ್ ಸಂಶಯ ಬಂದರೆ ಒಂದು ದಾರಿ ಮಂಗಳೂರಿಗೆ, ಇನ್ನೊಂದು ದಕ್ಷಿಣಕ್ಕೆ. ಸಂಜೆ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿದರೆ ನಡುರಾತ್ರಿ ಕಳೆದು ಕೊಚ್ಚಿ, ಬೆಳಗಾಗುವಾಗ ತಿರುವನಂತಪುರ. ಅಲ್ಲಿ ಮೆಡಿಕಲ್ ಕಾಲೇಜಿನ ಆವರಣದಲ್ಲೇ 1981ರಲ್ಲಿ ಶುರುವಾದ ರೀಜನಲ್ ಕ್ಯಾನ್ಸರ್ ಸೆಂಟರ್ ಇದೆ. ಹೀಗೆ ಹೊರಟವರ ಫೈಲಿನಲ್ಲಿ ಪಿಎಸ್‌ಎ, ಸಿಇಎ, ಸಿಎ-125 ಎಂಬ, ರಕ್ತದಲ್ಲಿ ಅಳೆಯುವ ಕ್ಯಾನ್ಸರ್ ಸೂಚಕಗಳ ಹೆಸರುಗಳು, ಎದುರಿಗೊಂದು ಸಂಖ್ಯೆ. ಆ ಸಂಖ್ಯೆಯ ಮೇಲೆ ಜನ ಇಡುವ ನಂಬಿಕೆ ಅದು ಹೊರಬಲ್ಲದ್ದಕ್ಕಿಂತ ಹೆಚ್ಚು.

ಮೊದಲ ತಪ್ಪು ಕಲ್ಪನೆ: ದಪ್ಪಗಿರುವವರಲ್ಲಿ ಸಕ್ಕರೆ, ಕೊಬ್ಬು ಏರುವಂತೆ ಕ್ಯಾನ್ಸರ್ ಸೂಚಕಗಳೂ ಏರುತ್ತವೆ, ಆದ್ದರಿಂದ ದಪ್ಪಗಿದ್ದೂ ರಿಪೋರ್ಟ್ ನಾರ್ಮಲ್ ಬಂದರೆ ಡಬಲ್ ನೆಮ್ಮದಿ.

ಪ್ರಾಸ್ಟೇಟ್ ಗ್ರಂಥಿಯ ಪಿಎಸ್‌ಎ ವಿಷಯದಲ್ಲಿ ನಡೆಯುವುದು ಇದಕ್ಕೆ ಉಲ್ಟಾ. ದೇಹ ದೊಡ್ಡದಾದಷ್ಟೂ ರಕ್ತದ ಪ್ಲಾಸ್ಮಾ ಹೆಚ್ಚು. ಗ್ರಂಥಿ ಅಷ್ಟೇ ಪಿಎಸ್‌ಎ ಬಿಟ್ಟರೂ ಅದು ಹೆಚ್ಚು ದ್ರವದಲ್ಲಿ ಹರಡಿಕೊಳ್ಳುತ್ತದೆ. ಅಷ್ಟೇ ಉಪ್ಪಿನ ಸಾರಿಗೆ ಇನ್ನೊಂದು ಲೋಟ ನೀರು ಸೇರಿದ ಹಾಗೆ. ಲೆಕ್ಕ ಹಾಕಿ ನೋಡಬಹುದು: ರಕ್ತದಲ್ಲಿ ಒಟ್ಟು 14,000 ನ್ಯಾನೊಗ್ರಾಂ ಪಿಎಸ್‌ಎ ಇದೆ ಎಂದಿಟ್ಟುಕೊಳ್ಳಿ. ಪ್ಲಾಸ್ಮಾ ಮೂರೂವರೆ ಲೀಟರ್ ಇರುವವರಿಗೆ ರಿಪೋರ್ಟ್ ಮಿಲಿಲೀಟರಿಗೆ 4 ಎನ್ನುತ್ತದೆ, ನಾಲ್ಕು ಲೀಟರ್ ಇರುವವರಿಗೆ 3.5. ಬಹುಕಾಲದಿಂದ ಬಳಕೆಯಲ್ಲಿರುವ ಗಡಿ 4. ಒಬ್ಬರನ್ನು ಮುಂದಿನ ಪರೀಕ್ಷೆಗೆ ಕರೆಯುತ್ತಾರೆ, ಇನ್ನೊಬ್ಬರು ಮನೆಗೆ ಮರಳುತ್ತಾರೆ.

ಇದು ಬರಿಯ ಊಹೆಯಲ್ಲ. ಪ್ರಾಸ್ಟೇಟ್ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 13 ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ದಾಖಲೆ ಪರಿಶೀಲಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಬಿಎಂಐ 35 ದಾಟಿದವರಲ್ಲಿ ಪಿಎಸ್‌ಎ ಮಟ್ಟ ಸಾಮಾನ್ಯ ತೂಕದವರಿಗಿಂತ ಶೇ. 11ರಿಂದ 21ರಷ್ಟು ಕಡಿಮೆಯಿತ್ತು. ಐದು ಅಡಿ ಏಳು ಅಂಗುಲದ ಗಂಡಸಿಗೆ ಬಿಎಂಐ 35 ಎಂದರೆ ಸುಮಾರು 101 ಕಿಲೋ. ಸ್ಥೂಲದೇಹಿಗಳಲ್ಲಿ ಟೆಸ್ಟೋಸ್ಟಿರಾನ್ ತಗ್ಗಿರುವುದೂ ಪಿಎಸ್‌ಎ ಇಳಿಸುವ ಇನ್ನೊಂದು ಕಾರಣ. ಸಾಲದ್ದಕ್ಕೆ, ದಪ್ಪಗಿರುವವರಲ್ಲಿ ವೈದ್ಯರು ಬೆರಳಿಟ್ಟು ಗ್ರಂಥಿ ಪರೀಕ್ಷಿಸುವುದೂ ಕಷ್ಟ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದ ವಯಸ್ಕ ಗಂಡಸರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಅಧಿಕ ತೂಕ. ಹೆಚ್ಚಿನವರು 101 ಕಿಲೋದ ಹತ್ತಿರವೂ ಇಲ್ಲ, ಅವರಲ್ಲಿ ವ್ಯತ್ಯಾಸ ಸಣ್ಣದು. ಗಡಿಯಂಚಿನ ಸಂಖ್ಯೆ ಬಂದವರಿಗೆ ಮಾತ್ರ ಆ ಸಣ್ಣದೂ ಮುಖ್ಯ. ಹಾಗೆಂದು ಮನೆಯಲ್ಲಿ ಕೂತು ತೂಕದ ಲೆಕ್ಕದಲ್ಲಿ ರಿಪೋರ್ಟ್ ತಿದ್ದಿಕೊಳ್ಳಬಾರದು. ಎಲ್ಲರೂ ಒಪ್ಪಿದ ಸೂತ್ರ ಇಲ್ಲ.

ಎರಡನೆಯ ತಪ್ಪು ಕಲ್ಪನೆ: ಸೂಚಕ ಏರಿದರೆ ಕ್ಯಾನ್ಸರ್ ಖಚಿತ. ಮುಟ್ಟಿನ ದಿನಗಳಲ್ಲಿ, ಎಂಡೊಮೆಟ್ರಿಯೋಸಿಸ್‌ನಲ್ಲಿ ಸಿಎ-125 ಏರುತ್ತದೆ. ನಮ್ಮಲ್ಲಿ ಮರೆಯಬಾರದ ಕಾರಣ ಹೊಟ್ಟೆಯ ಕ್ಷಯ: ಹೊಟ್ಟೆಯಲ್ಲಿ ನೀರು ತುಂಬಿ ಸಿಎ-125 ನೂರಾರಕ್ಕೆ ಏರಿದ ಹೆಂಗಸಿಗೆ ಅಂಡಾಶಯದ ಕ್ಯಾನ್ಸರ್ ಎಂದು ಹೆದರಿಸಿ, ಕೊನೆಗೆ ಬಯಾಪ್ಸಿಯಲ್ಲಿ ಟಿಬಿ ಎಂದು ಗೊತ್ತಾಗುವುದುಂಟು. ಬೀಡಿ, ಸಿಗರೇಟು ಸೇದುವವರಲ್ಲಿ ಸಿಇಎ ಹೆಚ್ಚಿರುತ್ತದೆ. ಇದಕ್ಕೆ ಉಲ್ಟಾ ಆಗುವುದೂ ಉಂಟು: ಕೆಲವರ ದೇಹ ಹುಟ್ಟಿನಿಂದಲೇ ಸಿಎ 19-9 ಎಂಬ ಇನ್ನೊಂದು ಸೂಚಕವನ್ನು ತಯಾರಿಸುವುದಿಲ್ಲ. ಮೇದೋಜೀರಕದ ಕ್ಯಾನ್ಸರ್ ಬಂದರೂ ಅವರ ರಿಪೋರ್ಟ್ ಶಾಂತವಾಗಿಯೇ ಇರುತ್ತದೆ.

ಹಾಗಾಗಿ ಆರೋಗ್ಯವಂತರಿಗೆ ‘ಫುಲ್ ಬಾಡಿ ಚೆಕಪ್’ನಲ್ಲಿ ಈ ಸೂಚಕಗಳನ್ನೆಲ್ಲ ಗಂಟುಕಟ್ಟಿ ಮಾರುವುದು ಸರಿಯಲ್ಲ. ಚಿಕಿತ್ಸೆ ಫಲಿಸುತ್ತಿದೆಯೇ, ರೋಗ ಮರುಕಳಿಸಿದೆಯೇ ಎಂದು ನೋಡಲು ಅವು ನಿಜಕ್ಕೂ ಉಪಯುಕ್ತ. ಆದರೆ ಈ ಸೂಚಕಗಳಿಲ್ಲದೆಯೇ ಜೀವ ಉಳಿಸಿದ ತಪಾಸಣೆಯ ದೊಡ್ಡ ಉದಾಹರಣೆ ತಿರುವನಂತಪುರದ್ದೇ. 1996ರಿಂದ ಜಿಲ್ಲೆಯ 13 ಪಂಚಾಯಿತಿಗಳಲ್ಲಿ ನಡೆದ ಅಧ್ಯಯನದಲ್ಲಿ ತರಬೇತಾದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ ಕಣ್ಣಲ್ಲೇ ನೋಡಿದರು. ತಂಬಾಕು, ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತೆಂದು 2005ರ ವರದಿ ಹೇಳಿತು. ರಕ್ತ ತೆಗೆಯುವ ಅಗತ್ಯವೇ ಬೀಳಲಿಲ್ಲ.

ಪಿಎಸ್‌ಎ ರಿಪೋರ್ಟ್ ತೋರಿಸುವವರು ವೈದ್ಯರಿಗೆ ತೂಕ, ಎತ್ತರ ಹೇಳಬೇಕು. ಮನೆಯಲ್ಲಿ ಯಾರಿಗಾದರೂ ಪ್ರಾಸ್ಟೇಟ್ ಕ್ಯಾನ್ಸರ್ ಇತ್ತೇ ಎಂಬುದನ್ನೂ. ಕೂದಲುದುರುವುದಕ್ಕೋ ಮೂತ್ರದ ತೊಂದರೆಗೋ ಫಿನಾಸ್ಟರೈಡ್ ನುಂಗುತ್ತಿದ್ದರೆ ಅದನ್ನಂತೂ ಮುಚ್ಚಿಡಬಾರದು: ಆ ಮಾತ್ರೆ ಕೆಲವೇ ತಿಂಗಳಲ್ಲಿ ಪಿಎಸ್‌ಎಯನ್ನು ಅರ್ಧಕ್ಕೆ ಇಳಿಸುತ್ತದೆ.