ಹೊಸ ಕಾರಿನ ಸ್ಪ್ರಿಂಗು, ನಿಮ್ಮ ಸೊಂಟನೋವು

ಕಾರು ಕೊಳ್ಳುವಾಗ ನೀವು ಏನೇನು ವಿಚಾರಿಸುತ್ತೀರಿ? ಬೆಲೆ, ಮೈಲೇಜು, ಬಣ್ಣ, ಎಂಜಿನ್ನಿನ ಶಕ್ತಿ, ಡಿಕ್ಕಿಯಲ್ಲಿ ಎಷ್ಟು ಸಾಮಾನು ಹಿಡಿಯುತ್ತದೆ ಎಂಬುದು. ಸ್ಪ್ರಿಂಗು ಎಷ್ಟು ಬಿರುಸು ಎಂದು ಕೇಳುವವರು ಅಪರೂಪ. ಆದರೆ ರಾಯಚೂರಿನಿಂದ ಮಾನ್ವಿಗೋ ದೇವದುರ್ಗಕ್ಕೋ ದಿನವೂ ಹೋಗಿಬರುವ ಶಿಕ್ಷಕರು, ಬ್ಯಾಂಕ್ ನೌಕರರು, ವ್ಯಾಪಾರಿಗಳ ಸೊಂಟಕ್ಕೆ ಎಂಜಿನ್ನಿಗಿಂತ ಈ ಸ್ಪ್ರಿಂಗೇ ಹೆಚ್ಚು ಸಂಬಂಧಪಟ್ಟದ್ದು. ಎರಡೂ ಊರುಗಳು ರಾಯಚೂರಿನಿಂದ ಸುಮಾರು 50 ಕಿ.ಮೀ. ದೂರ. ಹೋಗಿಬರುವುದರಲ್ಲಿ ದಿನಕ್ಕೆ ಎರಡು ಮೂರು ಗಂಟೆ ಸೀಟಿನ ಮೇಲೆಯೇ ಕಳೆದುಹೋಗುತ್ತದೆ.

ನಮ್ಮದು ಎರೆನೆಲದ ಸೀಮೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಾಯಿಬಿಡುತ್ತದೆ. ಅದರ ಮೇಲೆ ಹಾಸಿದ ಡಾಂಬರು ಎಷ್ಟೇ ಚೆನ್ನಾಗಿದ್ದರೂ ಕೆಲವು ವರ್ಷಗಳಲ್ಲಿ ಅಲೆ ಅಲೆಯಾಗುವುದುಂಟು. ಕಾಲುವೆ ನೀರಾವರಿಯ ಭಾಗದಲ್ಲಿ ಭತ್ತ ಹೇರಿದ ಲಾರಿ, ಟ್ರ್ಯಾಕ್ಟರುಗಳ ಭಾರವೂ ಇದಕ್ಕೆ ಸೇರುತ್ತದೆ. ಇಂಥ ರಸ್ತೆಯ ಏರಿಳಿತವೆಲ್ಲ ಚಕ್ರ, ಸ್ಪ್ರಿಂಗು, ಸೀಟುಗಳನ್ನು ದಾಟಿ ಕೊನೆಗೆ ತಲುಪುವುದು ನಿಮ್ಮ ಬೆನ್ನುಮೂಳೆಗೆ.

ಬೆನ್ನಿಗೆ ಆಗುವುದೇನು?

ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂಥ ಬಿಲ್ಲೆಗಳಿವೆ. ಇವನ್ನೇ ಡಿಸ್ಕ್ ಎನ್ನುತ್ತೇವೆ. ದೊಡ್ಡವರಲ್ಲಿ ಈ ಬಿಲ್ಲೆಗಳ ಒಳಭಾಗಕ್ಕೆ ನೇರ ರಕ್ತಸಂಚಾರವಿಲ್ಲ. ಅಕ್ಕಪಕ್ಕದ ಮೂಳೆಯಿಂದ ಪೋಷಕಾಂಶಗಳು ನಿಧಾನವಾಗಿ ಒಳಗೆ ಇಂಗಬೇಕು. ಆದ್ದರಿಂದ ಒಮ್ಮೆ ಪೆಟ್ಟಾದರೆ ಅವು ಬೇಗ ಚೇತರಿಸಿಕೊಳ್ಳುವುದಿಲ್ಲ. ಬೆನ್ನು ಬಾಗಿಸಿ ಕುಳಿತಾಗ ಅವುಗಳ ಮೇಲೆ ಒತ್ತಡ ಹೆಚ್ಚುತ್ತದೆ. ಅದರ ಮೇಲೆ ಕುಲುಕಾಟವೂ ಸೇರಿದರೆ, ಬೆನ್ನನ್ನು ಹಿಡಿದು ನಿಲ್ಲಿಸಬೇಕಾದ ಸ್ನಾಯುಗಳು ದಣಿದು, ಪೆಟ್ಟು ನೇರವಾಗಿ ಬಿಲ್ಲೆಗೆ ಬೀಳುತ್ತದೆ.

ಎಲ್ಲ ಕುಲುಕಾಟವೂ ಒಂದೇ ತೆರನಲ್ಲ. ಕುಳಿತ ಮನುಷ್ಯನ ದೇಹ ಸೆಕೆಂಡಿಗೆ 4ರಿಂದ 8 ಬಾರಿ ಆಗುವ ಮೇಲೆ-ಕೆಳಗಿನ ಕಂಪನಕ್ಕೆ ಬಹಳ ಬೇಗ ಸ್ಪಂದಿಸುತ್ತದೆ. ಸುಮಾರು 5ರ ಹೊತ್ತಿಗೆ ಸೀಟಿಗಿಂತ ಬೆನ್ನೇ ಹೆಚ್ಚು ಅಲುಗುತ್ತದೆ. ಉಯ್ಯಾಲೆಯನ್ನು ಸರಿಯಾದ ಸಮಯಕ್ಕೆ ತಳ್ಳಿದರೆ ಸಣ್ಣ ತಳ್ಳಿಗೂ ಅದು ದೊಡ್ಡದಾಗಿ ತೂಗುವುದಿಲ್ಲವೇ, ಹಾಗೆ. ಯುರೋಪಿನ ದೇಶಗಳು 2002ರಲ್ಲಿ ತಂದ ನಿಯಮದ ಪ್ರಕಾರ ಎಂಟು ಗಂಟೆಯ ದುಡಿಮೆಯಲ್ಲಿ ಚಾಲಕನ ದೇಹಕ್ಕೆ ತಟ್ಟುವ ಕಂಪನ ಸೆಕೆಂಡಿನ ವರ್ಗಕ್ಕೆ 0.5 ಮೀಟರ್ ಮೀರಿದರೆ ಮಾಲೀಕರು ಕ್ರಮ ಕೈಗೊಳ್ಳಬೇಕು, 1.15 ಮೀಟರ್ ಮೀರುವಂತೆಯೇ ಇಲ್ಲ. ಲಾರಿ, ಬಸ್ಸು, ಟ್ರ್ಯಾಕ್ಟರು ಓಡಿಸುವವರಲ್ಲಿ ಸೊಂಟನೋವು ಹೆಚ್ಚೆಂಬುದು ವೈದ್ಯರಿಗೆ ಬಹುಕಾಲದಿಂದ ತಿಳಿದ ವಿಷಯ.

ಹಳೆಯ ಮಾದರಿ, ಹೊಸ ಮಾದರಿ

2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನ ಹಿಂಭಾಗದಲ್ಲಿ ಎತ್ತಿನ ಬಂಡಿಯ ಕಮಾನನ್ನು ನೆನಪಿಸುವ ಪಟ್ಟಿ ಸ್ಪ್ರಿಂಗುಗಳಿದ್ದವು. ಇಂದಿನ ಕಾರುಗಳಲ್ಲಿ ಸುರುಳಿ ಸ್ಪ್ರಿಂಗುಗಳಿವೆ. ಇವುಗಳಲ್ಲಿಯೂ ವೇಗದ ಓಟಕ್ಕೆಂದೇ ಮಾಡಿದ ಸೆಡಾನ್‌ಗಳದ್ದು ಬೇರೆಯೇ ಜಾತಿ. ಭಾರತದಲ್ಲಿ 2017ರಲ್ಲಿ 230 ಅಶ್ವಶಕ್ತಿಯಲ್ಲಿಯೂ 2020ರಲ್ಲಿ 245 ಅಶ್ವಶಕ್ತಿಯಲ್ಲಿಯೂ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇದಕ್ಕೆ ಒಳ್ಳೆಯ ಉದಾಹರಣೆ. ಸಾಮಾನ್ಯ ಆಕ್ಟೇವಿಯಾಕ್ಕಿಂತ ಅದು ನೆಲಕ್ಕೆ ಹತ್ತಿರ, ಸ್ಪ್ರಿಂಗೂ ಬಿರುಸು. ತಿರುವಿನಲ್ಲಿ ಕಾರು ವಾಲದೆ ಹಿಡಿತದಲ್ಲಿರಲಿ ಎಂಬುದು ಇದರ ಉದ್ದೇಶ. ನುಣುಪಾದ ಹೆದ್ದಾರಿಯಲ್ಲಿ ಇದು ಗುಣ. ಗಬ್ಬೂರಿನ ದಾರಿಯಲ್ಲಿ ಗುಂಡಿ ಸಿಕ್ಕಾಗ ಇದೇ ಗುಣ ಸೊಂಟಕ್ಕೆ ಮುಳುವಾಗುತ್ತದೆ.

‘ಹಿಂದಿನ ವರ್ಷದ ಮಾದರಿಗಿಂತ ಈ ವರ್ಷದ್ದು ಬಿರುಸಂತೆ’ ಎಂದು ಯಾರಾದರೂ ಹೇಳಿದರೆ ಒಡನೆ ನಂಬಬೇಡಿ. ಸ್ಪ್ರಿಂಗಿನ ಬಿರುಸನ್ನು ಅದು ಹೊರುವ ಭಾರದ ಜೊತೆಗೇ ನೋಡಬೇಕು. ಹಳೆಯ ಮಾದರಿಯಲ್ಲಿ ಒಂದು ಚಕ್ರದ ಮೇಲೆ 400 ಕಿಲೋ ಭಾರ, ಅಲ್ಲಿನ ಸ್ಪ್ರಿಂಗು ಒಂದು ಮಿಲಿಮೀಟರ್ ಕುಗ್ಗಲು 3 ಕಿಲೋ ಬೇಕು ಎಂದುಕೊಳ್ಳಿ. ಆಗ ಕಾರು ಸೆಕೆಂಡಿಗೆ ಸುಮಾರು 1.4 ಬಾರಿ ಏರಿಳಿಯುತ್ತದೆ. ಹೊಸ ಮಾದರಿಯಲ್ಲಿ ಸ್ಪ್ರಿಂಗು 3.3 ಕಿಲೋಗೆ ಏರಿದ್ದು, ಕಾರಿನ ತೂಕವೂ ಹೆಚ್ಚಿ ಆ ಚಕ್ರದ ಮೇಲೆ 440 ಕಿಲೋ ಬಿದ್ದರೆ ಏರಿಳಿತ ಅದೇ 1.4. ಅಂಕಿ ಹೆಚ್ಚಿತು, ಸೊಂಟಕ್ಕೇನೂ ವ್ಯತ್ಯಾಸವಾಗಲಿಲ್ಲ.

ಅದೇ 400 ಕಿಲೋ ಭಾರಕ್ಕೆ 6 ಕಿಲೋ ಬಿರುಸಿನ ಸ್ಪ್ರಿಂಗು ಹಾಕಿದರೆ ಮಾತ್ರ ಏರಿಳಿತ 1.9ಕ್ಕೆ ಹೋಗುತ್ತದೆ. ಅಲ್ಪ ವ್ಯತ್ಯಾಸವೆನಿಸಬಹುದು. ಆದರೆ ಸರಳ ಲೆಕ್ಕದಲ್ಲಿ, ಬೆನ್ನಿಗೆ ಕೆಟ್ಟದ್ದಾದ ಆ ಸೆಕೆಂಡಿಗೆ 5ರ ಕಂಪನ ಮೊದಲಿಗಿಂತ ಸುಮಾರು ಎರಡುಪಟ್ಟು ಒಳಗೆ ದಾಟಿ ಬರುತ್ತದೆ. ಕಾರು ತಗ್ಗಿಸಿ ಅಂದ ಹೆಚ್ಚಿಸಲು ಅಂಗಡಿಯಲ್ಲಿ ಬಿರುಸು ಸ್ಪ್ರಿಂಗು ಹಾಕಿಸುವ ತರುಣರು ಈ ಲೆಕ್ಕವನ್ನು ಗಮನಿಸಬೇಕು. ಹಿಂದಿನ ಸೀಟಿನಲ್ಲಿ ಕೂರುವವರು ಅವರ ತಂದೆತಾಯಿಯರು.

ಟಯರನ್ನೂ ನೋಡಿ. ಅದರ ಪಕ್ಕದಲ್ಲಿ 225/45 ಎಂದಿದ್ದರೆ ರಬ್ಬರಿನ ಎತ್ತರ ಸುಮಾರು 101 ಮಿ.ಮೀ.; 225/40 ಎಂದಿದ್ದರೆ 90 ಮಿ.ಮೀ. ಮಾತ್ರ. ಹೊಸ ಮಾದರಿಗೆ ದೊಡ್ಡ ಚಕ್ರ, ತೆಳು ಟಯರು ಹಾಕಿದ್ದರೆ ಸ್ಪ್ರಿಂಗು ಬದಲಾಗದಿದ್ದರೂ ಪೆಟ್ಟು ಹೆಚ್ಚುತ್ತದೆ. ಹಳೆಯ ಕಾರಿನ ಷಾಕ್ ಅಬ್ಸಾರ್ಬರ್ ಸವೆದಿದ್ದರೆ ಆ ಕಾರು ‘ಮೆತ್ತಗೆ’ ಅನ್ನಿಸಬಹುದು. ಆದರೆ ಗುಂಡಿ ದಾಟಿದ ಮೇಲೂ ಅದು ಎರಡು ಮೂರು ಸಲ ಕುಣಿಯುತ್ತದೆ, ಬ್ರೇಕಿನ ಹಿಡಿತವೂ ಕಡಿಮೆಯಾಗುತ್ತದೆ. ಎರಡು ಮಾದರಿಗಳನ್ನು ಹೋಲಿಸುವವರು ಒಂದೇ ರಸ್ತೆ, ಒಂದೇ ವೇಗ, ಅಷ್ಟೇ ಜನ, ಕಂಪನಿ ಹೇಳಿದಷ್ಟೇ ಗಾಳಿ ಇಟ್ಟು ಹೋಲಿಸಬೇಕು. ಷೋರೂಮಿನ ಮುಂದಿನ ನುಣುಪು ರಸ್ತೆ ಸಾಲದು. ನೀವು ದಿನವೂ ಓಡಾಡುವ ರಸ್ತೆಯಲ್ಲಿ, ಮನೆಯ ಹಿರಿಯರನ್ನು ಹಿಂದೆ ಕೂರಿಸಿಕೊಂಡು ಓಡಿಸಿ ನೋಡಿ.

ಯಾರು ಹೆಚ್ಚು ಜಾಗ್ರತೆ ವಹಿಸಬೇಕು?

ಮುಟ್ಟು ನಿಂತ ಹೆಂಗಸರಲ್ಲಿ, ವಯಸ್ಸಾದವರಲ್ಲಿ ಮೂಳೆ ಟೊಳ್ಳಾಗಿರುತ್ತದೆ. ರಸ್ತೆಯುಬ್ಬನ್ನು ವೇಗವಾಗಿ ಹಾರಿಸಿದಾಗ ಬಸ್ಸಿನ ಕೊನೆಯ ಸೀಟಿನಲ್ಲಿದ್ದವರ ಬೆನ್ನುಮಣಿ ಕುಸಿದು ಮುರಿದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಬಸ್ಸಿನಲ್ಲಾಗಲಿ ಕ್ರೂಸರಿನಲ್ಲಾಗಲಿ ಅಜ್ಜಿ-ತಾತಂದಿರನ್ನು ಹಿಂದಿನ ಚಕ್ರದ ಮೇಲೆ ಅಥವಾ ಅದರ ಹಿಂದೆ ಕೂರಿಸಬೇಡಿ. ಎರಡು ಚಕ್ರಗಳ ನಡುವಿನ ಸೀಟು ಅವರದ್ದಾಗಲಿ. ಗರ್ಭಿಣಿಯರು ಸೀಟ್‌ಬೆಲ್ಟಿನ ಕೆಳಪಟ್ಟಿಯನ್ನು ಹೊಟ್ಟೆಯ ಮೇಲೆ ಹಾಕದೆ, ಹೊಟ್ಟೆಯ ಕೆಳಗೆ ತೊಡೆಯ ಬುಡಕ್ಕೆ ಬರುವಂತೆ ಹಾಕಿಕೊಳ್ಳಬೇಕು. ಹಿಂದೆ ಡಿಸ್ಕ್ ತೊಂದರೆಯಾದವರು ದೂರ ಪ್ರಯಾಣಕ್ಕೆ ಮುನ್ನ ವೈದ್ಯರನ್ನು ಕೇಳುವುದು ಲೇಸು.

ನೀವು ಮಾಡಬಹುದಾದದ್ದು

ವೇಗ ತಗ್ಗಿಸುವುದೇ ಮೊದಲ ಔಷಧ. ಮೂರು ಮೀಟರಿಗೊಂದು ಉಬ್ಬಿರುವ ರಸ್ತೆಯಲ್ಲಿ ಗಂಟೆಗೆ 54 ಕಿ.ಮೀ. ಓಡಿಸಿದರೆ ಸೆಕೆಂಡಿಗೆ ಸರಿಯಾಗಿ 5 ಕುಲುಕು. ವೇಗ 27ಕ್ಕೆ ಇಳಿಸಿದರೆ ಅದು ಎರಡೂವರೆ. ಕಂಪನವೂ ಕಡಿಮೆ, ಪೆಟ್ಟೂ ಕಡಿಮೆ.

ಸೀಟಿನ ಬೆನ್ನನ್ನು ತುಸು ಹಿಂದಕ್ಕೆ ಒರಗಿಸಿ, ಸೊಂಟದ ಬಾಗಿಗೆ ಮಡಿಚಿದ ಟವೆಲ್ ಇಟ್ಟುಕೊಳ್ಳಿ. ಕಿಸೆಯಲ್ಲಿ ದಪ್ಪ ಪರ್ಸ್ ಇಟ್ಟು ಅದರ ಮೇಲೆ ಕೂರಬೇಡಿ. ಗಂಟೆಗೊಮ್ಮೆ ಇಳಿದು ಐದು ನಿಮಿಷ ಅಡ್ಡಾಡಿ. ಊರು ಮುಟ್ಟಿದೊಡನೆ ಡಿಕ್ಕಿಯಿಂದ ಅಕ್ಕಿಮೂಟೆ ಎತ್ತುವ ಕೆಲಸಕ್ಕೆ ಕೈಹಾಕಬೇಡಿ. ದಣಿದ ಸ್ನಾಯುವಿಗೆ ನಾಲ್ಕು ನಿಮಿಷ ಬಿಡುವು ಕೊಡಿ. ಷಾಕ್ ಅಬ್ಸಾರ್ಬರಿನಲ್ಲಿ ಎಣ್ಣೆ ಸೋರುತ್ತಿದೆಯೇ ಎಂದು ಮೆಕ್ಯಾನಿಕ್‌ನಿಂದ ಆಗಾಗ ನೋಡಿಸಿ.

ನೋವು ಬಂದರೆ?

ಹೆಚ್ಚಿನವರ ಸೊಂಟನೋವು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ದಿನಗಟ್ಟಲೆ ಮಲಗಿಬಿಡುವುದು ಹಿತವಲ್ಲ, ಸಾಧ್ಯವಾದಷ್ಟು ಓಡಾಡಬೇಕು. ಆದರೆ ನೋವು ತೊಡೆಯಿಂದ ಪಾದದವರೆಗೆ ಇಳಿದರೆ, ಜ್ವರವಿದ್ದರೆ, ತೂಕ ಇಳಿಯುತ್ತಿದ್ದರೆ ವೈದ್ಯರನ್ನು ಕಾಣಿ. ವಯಸ್ಸಾದವರಿಗೆ ಒಂದು ಕುಲುಕಿನ ನಂತರ ತಟ್ಟನೆ ತೀವ್ರ ನೋವು ಶುರುವಾದರೆ ಎಕ್ಸ್‌ರೇ ತೆಗೆಸಬೇಕಾದೀತು. ಕಾಲಿನಲ್ಲಿ ಬಲ ಕುಂದಿದರೆ, ಮಲಮೂತ್ರದ ಜಾಗದ ಸುತ್ತ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಒಂದು ದಿನವೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನರಗಳ ಗೊಂಚಲು ಒತ್ತಲ್ಪಟ್ಟಿರುವ ಲಕ್ಷಣವಿದು. ನಾಟಿ ಮಾಲೀಶು, ನೋವಿನ ಮಾತ್ರೆ ಎಂದು ಕಾದರೆ ಕಾಲಿನ ಬಲ, ಮೂತ್ರದ ಹಿಡಿತ ಶಾಶ್ವತವಾಗಿ ಹೋಗಬಹುದು.

ಸವೆದ ಸ್ಪ್ರಿಂಗನ್ನು ಅರ್ಧ ದಿನದಲ್ಲಿ ಗ್ಯಾರೇಜಿನಲ್ಲಿ ಬದಲಾಯಿಸಬಹುದು. ಬೆನ್ನುಮಣಿಯ ನಡುವಿನ ಬಿಲ್ಲೆಗೆ ಅಂಥ ಬಿಡಿಭಾಗ ಸುಲಭವಾಗಿ ಸಿಗದು. ಮುಂದಿನ ಸಲ ಕಾರು ನೋಡಲು ಹೋದಾಗ ಮೈಲೇಜಿನ ಜೊತೆಗೆ ಸ್ಪ್ರಿಂಗು, ಟಯರುಗಳ ವಿಷಯವನ್ನೂ ಒಂದು ಮಾತು ಕೇಳಿ.