ಸ್ಟೆಂಟ್ ಹಾಕಿಸಿ ಮರೆತರೆ ಕಿಡ್ನಿಗೇ ಕುತ್ತು

ನಂಜನಗೂಡು/ತಿ.ನರಸೀಪುರ: ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ನಾಳ ಕಿರಿದಾದರೆ ಮೂತ್ರ ಕಟ್ಟಿಕೊಳ್ಳದಿರಲೆಂದು ವೈದ್ಯರು ಒಳಗೆ ಸಣ್ಣ ಕೊಳವೆ ಇಡುತ್ತಾರೆ. ಅದೇ ಡಿಜೆ ಸ್ಟೆಂಟ್. ಪದೇ ಪದೇ ಮೂತ್ರ, ಉರಿ, ಪಕ್ಕೆ ನೋವು, ಮೂತ್ರ ತುಸು ಕೆಂಪಾಗುವುದು ಇವೆಲ್ಲ ಸಾಮಾನ್ಯ, ಗಾಬರಿ ಬೇಡ. ಆದರೆ ಚಳಿಜ್ವರ ಬಂದರೆ, ರಕ್ತ ಗಡ್ಡೆಗಡ್ಡೆಯಾಗಿ ಹೋದರೆ, ಮೂತ್ರವೇ ನಿಂತರೆ ಉಷ್ಣ ಅಂತ ಎಳನೀರು ಕುಡಿದು ಕಾಯಬೇಡಿ. ಅಂಗಡಿ ಬಾಗಿಲು ಹಾಕಿ ಅವತ್ತೇ ಆಸ್ಪತ್ರೆಗೆ ಹೋಗಿ.

ದೊಡ್ಡ ತೊಂದರೆ ಆಗೋದು ನೋವು ಹೋಯ್ತಲ್ಲ, ಮತ್ತೆ ಮೈಸೂರಿಗೆ ಯಾಕೆ ಅಂತ ಸುಮ್ಮನಾದವರಿಗೆ. ಸ್ಟೆಂಟ್ ಶಾಶ್ವತವಲ್ಲ. ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ ತೆಗೆಯಬೇಕು, ಇಲ್ಲವೇ ಬದಲಿಸಬೇಕು. ಬಿಟ್ಟರೆ ಬೋರ್‌ವೆಲ್ ಪೈಪಿಗೆ ಉಪ್ಪು ಕಟ್ಟಿದಂತೆ ಅದರ ಮೇಲೆ ಕಲ್ಲು ಕಟ್ಟುತ್ತದೆ. ಆಮೇಲೆ ಸುಲಭಕ್ಕೆ ಹೊರಗೆ ಬರಲ್ಲ, ಕಿಡ್ನಿಯೇ ಕೆಡಬಹುದು. ಡಿಸ್ಚಾರ್ಜ್ ಚೀಟಿಯಲ್ಲಿ ತೆಗೆಸುವ ದಿನ ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.