ಕುದುರೆ ನಡೆದ ದಾರಿಯಲ್ಲಿ ಸೈಕಲ್

'ಅಪ್ಪ, ಬರುವಾಗ ಉಪ್ಪಿನಕಾಯಿ, ಚಟ್ನಿಪುಡಿ ಮರೆಯಬೇಡಿ. ಹಾಗೇ ಸೈಕಲ್ ತುಳಿಯಲು ಆಗುವಂಥ ಒಂದು ಪ್ಯಾಂಟೂ ಇರಲಿ' ಎಂದು ಮಗಳು ಟುಲೂಸಿನಿಂದ ಫೋನ್ ಮಾಡಿದಾಗ ನಾನು ತಮಾಷೆ ಎಂದುಕೊಂಡೆ. ಐವತ್ತು ದಾಟಿ ವರ್ಷಗಳಾದ, ಶಾಲೆಗೂ ಸಂತೆಗೂ ಸ್ಕೂಟರಿನಲ್ಲೇ ಹೋಗಿ ಬರುವ ವಿಜ್ಞಾನದ ಮೇಷ್ಟ್ರು ಫ್ರಾನ್ಸಿಗೆ ಹೋಗಿ ಸೈಕಲ್ ತುಳಿಯುವುದೇ? ಅವಳು ತಮಾಷೆ ಮಾಡಿರಲಿಲ್ಲ. 2023ರ ಬೇಸಿಗೆ ರಜೆಯಲ್ಲಿ ನಾನು ಅಲ್ಲಿಗೆ ತಲುಪಿದ ಮೂರನೇ ದಿನವೇ ಎರಡು ಬಾಡಿಗೆ ಸೈಕಲ್ ತಂದು ಬಾಗಿಲಲ್ಲಿ ನಿಲ್ಲಿಸಿದ್ದಳು.

ದಕ್ಷಿಣ ಫ್ರಾನ್ಸಿನ ಟುಲೂಸ್ ವಿಮಾನ ತಯಾರಿಕೆಗೆ ಹೆಸರಾದ ದೊಡ್ಡ ನಗರ. ಅಂಥ ಊರಿನ ನಡುವಿನಿಂದಲೇ ಒಂದು ಕಾಲುವೆ ಹೊರಡುತ್ತದೆ. ಹೆಸರು ಕನಾಲ್ ದ್ಯು ಮಿದಿ. ಉದ್ದ 240 ಕಿ.ಮೀ. ಮೆಡಿಟರೇನಿಯನ್ ಕರಾವಳಿಯ ಸೇತ್ ಬಂದರಿನ ಬಳಿ ಮುಗಿಯುತ್ತದೆ. ದಡದ ದಾರಿಯಲ್ಲಿ ಕಾರಿಲ್ಲ, ಬೈಕಿಲ್ಲ. ಊರಿನ ದೊಡ್ಡ ರಸ್ತೆಗಳು ಸೇತುವೆ ಏರಿ ಆಚೆಗೆ ಹೋಗುತ್ತವೆ. ಸೈಕಲಿನವರು ಸೇತುವೆಯ ಕೆಳಗೆ ತಣ್ಣಗೆ ನುಸುಳಿಬಿಡುತ್ತಾರೆ. ಒಂದು ಗಂಟೆ ತುಳಿಯುವಷ್ಟರಲ್ಲಿ ನಗರ ಹಿಂದುಳಿದು, ಎರಡು ಕಡೆಯೂ ಮರ, ಅದರಾಚೆ ಹಸಿರು ಗೋಧಿ, ನಡುನಡುವೆ ಕೆಂಪು ಗಸಗಸೆ ಹೂ. ಏನೋ ಕಡಿಮೆಯಾಗಿದೆ ಎನ್ನಿಸುತ್ತಿತ್ತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು: ಹಾರನ್ ಶಬ್ದ! ನಮ್ಮ ಸೈಕಲ್ಲಿನ ಚೈನಿನ ಸದ್ದು ನಮಗೇ ಕೇಳುತ್ತಿತ್ತು.

ಇಲ್ಲಿ ಒಂದು ಹಳೆಯ ಕಥೆ ಹೇಳಲೇಬೇಕು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಬಂತಲ್ಲ, ಆಗ ನಮ್ಮ ಶಾಲೆಯಲ್ಲಿ ಅವುಗಳನ್ನು ಹಂಚುವ ಕೆಲಸ ನನ್ನದೇ. ದೂರದ ಹಳ್ಳಿಗಳ ಹುಡುಗಿಯರು ಸೈಕಲ್ ತಳ್ಳಿಕೊಂಡು ಹೋಗುವಾಗ ಅವರ ಮುಖ ನೋಡಬೇಕಿತ್ತು. ಮಗಳಿಗೂ ನಾನೇ ಒಂದು ಕೊಡಿಸಿದ್ದೆ. ಒಂದು ದಿನ ಜಲ್ಲಿ ತುಂಬಿದ ಲಾರಿಯೊಂದು ತೀರ ಒತ್ತಿಕೊಂಡು ಹೋಗಿ ಅವಳು ರಸ್ತೆ ಪಕ್ಕದ ಚರಂಡಿಗೆ ಬಿದ್ದಳು. ಮೊಣಕೈ ತರಚಿತು, ಅಷ್ಟೇ. ಆದರೆ ಮಾರನೆಯ ದಿನದಿಂದ ಅವಳು ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಶಾಲೆಗೆ ಬಂದಳು. ಸೈಕಲ್ ಕೊಟ್ಟಿಗೆ ಸೇರಿತು. ನಾನೇ ಹಂಚಿದ ಸೈಕಲ್ ತುಳಿಯುತ್ತಾ ಬೇರೆಯವರ ಮಕ್ಕಳು ಅದೇ ರಸ್ತೆಯಲ್ಲಿ, ಅದೇ ಲಾರಿಗಳ ಪಕ್ಕದಲ್ಲಿ ಬರುತ್ತಿದ್ದರು. ನಾವಿಬ್ಬರೂ ಅವರನ್ನು ದಾಟಿಕೊಂಡು ಹೋಗುತ್ತಿದ್ದೆವು. ಮಗಳು ಆಗ ಏನೂ ಹೇಳಲಿಲ್ಲ.

ಉಪ್ಪಿನ ತೆರಿಗೆಯವನ ಹುಚ್ಚು

ಈ ಕಾಲುವೆ ತೋಡಿಸಿದವನು ಎಂಜಿನಿಯರ್ ಅಲ್ಲ. ಪಿಯೆರ್ ಪಾಲ್ ರಿಕೆ ಎಂಬ ಆತ ರಾಜನ ಪರವಾಗಿ ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದವನು. (ಉಪ್ಪಿನ ತೆರಿಗೆ ಎಂದರೆ ನಮಗೆ ದಂಡಿಯೇ ನೆನಪಾಗುತ್ತದೆ, ಅಲ್ಲಿಯೂ ಜನ ಅದನ್ನು ಶಪಿಸುತ್ತಿದ್ದರು.) ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್ ಸಮುದ್ರಗಳ ನಡುವೆ ಒಳನಾಡಿನಲ್ಲೇ ದೋಣಿ ಸಾಗಬೇಕು ಎಂಬುದು ಅವನ ಹಂಬಲ. ಟುಲೂಸಿನಿಂದ ಅಟ್ಲಾಂಟಿಕ್‌ವರೆಗೆ ಗರೋನ್ ನದಿ ಇತ್ತು. ಇತ್ತ ಮೆಡಿಟರೇನಿಯನ್ ಕಡೆಗೆ ದಾರಿ ಬೇಕಿತ್ತು. ತೊಡಕು ಒಂದೇ. ಮಧ್ಯೆ ನೆಲ ಏರಿ ಇಳಿಯುತ್ತದೆ. ಅತಿ ಎತ್ತರದ ಜಾಗ ನೋರೂಸ್, ಸಮುದ್ರಮಟ್ಟದಿಂದ 189 ಮೀಟರ್. ನೀರು ತಾನಾಗಿ ಮೇಲೇರುವುದಿಲ್ಲ ಎಂಬುದನ್ನು ಐದನೇ ತರಗತಿಯ ಮಗುವೂ ಹೇಳುತ್ತದೆ. ರಿಕೆ ಉತ್ತರಕ್ಕಿರುವ 'ಕರಿಬೆಟ್ಟ'ದ ತೊರೆಗಳನ್ನು ಹಿಡಿದು, ಸಾಂ ಫೆರಿಯೋಲ್ ಎಂಬಲ್ಲಿ ದೊಡ್ಡ ಅಣೆಕಟ್ಟು ಕಟ್ಟಿಸಿ, ಅಲ್ಲಿಂದ ಸಣ್ಣ ಕಾಲುವೆಯ ಮೂಲಕ ನೀರನ್ನು ಈ ನೆತ್ತಿಗೇ ತಂದ. ಅಲ್ಲಿಂದ ನೀರು ಎರಡು ಪಾಲಾಗಿ, ಒಂದು ಪಾಲು ಪಶ್ಚಿಮಕ್ಕೆ, ಇನ್ನೊಂದು ಪೂರ್ವಕ್ಕೆ ಹರಿಯುತ್ತದೆ. 1666ರಲ್ಲಿ ಹದಿನಾಲ್ಕನೇ ಲೂಯಿ ಅಪ್ಪಣೆ ಕೊಟ್ಟ. ಸಾವಿರಾರು ಮಂದಿ ದುಡಿದರು, ಅವರಲ್ಲಿ ಹೆಂಗಸರೂ ಬಹಳ. ರಿಕೆ ತನ್ನ ಸ್ವಂತ ಹಣವನ್ನೂ ಸುರಿದು, ಮೈತುಂಬ ಸಾಲ ಮಾಡಿಕೊಂಡು 1680ರಲ್ಲಿ ತೀರಿಕೊಂಡ. ಕಾಲುವೆಯಲ್ಲಿ ದೋಣಿ ಹೊರಟದ್ದು 1681ರಲ್ಲಿ. ನೋರೂಸಿನಲ್ಲಿ ವಂಶಸ್ಥರು ನಿಲ್ಲಿಸಿದ ಕಲ್ಲಿನ ಕಂಬವೊಂದು ಅವನ ನೆನಪಿಗಿದೆ.

ದೋಣಿಗಳು ಏರಿ ಇಳಿಯಲು 'ಲಾಕ್' ಎಂಬ ನೀರಿನ ಮೆಟ್ಟಿಲುಗಳಿವೆ. ಎರಡು ಬಾಗಿಲುಗಳ ನಡುವಿನ ಕಲ್ಲಿನ ತೊಟ್ಟಿಗೆ ನೀರು ಬಿಟ್ಟರೆ ದೋಣಿ ಮೇಲೇಳುತ್ತದೆ, ತೆಗೆದರೆ ಇಳಿಯುತ್ತದೆ. ಈ ತೊಟ್ಟಿಗಳು ಮೊಟ್ಟೆಯಾಕಾರ. ಮೊದಲು ಕಟ್ಟಿದ ನೇರ ಗೋಡೆ ಮಣ್ಣಿನ ಒತ್ತಡಕ್ಕೆ ಕುಸಿದದ್ದರಿಂದ ರಿಕೆ ಗೋಡೆಗಳನ್ನು ಕಮಾನಿನಂತೆ ಬಾಗಿಸಿದ. ಬಾವಿಯನ್ನು ನಾವು ದುಂಡಗೆ ಕಟ್ಟುವುದೂ ಇದೇ ಕಾರಣಕ್ಕೆ ತಾನೇ!

ನಮ್ಮ ಮೊಣಕಾಲಿಗೆ ಇದರಿಂದ ಆದ ಉಪಕಾರವೇ ಬೇರೆ. ಎರಡು ಲಾಕುಗಳ ನಡುವೆ ಕಾಲುವೆ ತಟಸ್ಥ. ಹಾಗಾಗಿ ದಡವೂ ಸಮತಟ್ಟು. ದೋಣಿಯನ್ನು ಹಗ್ಗ ಕಟ್ಟಿ ಎಳೆಯುವ ಕುದುರೆಗಳಿಗಾಗಿ ಮಾಡಿದ ದಾರಿ ಅದು. ಟುಲೂಸಿನಿಂದ ನೋರೂಸಿಗೆ ಐವತ್ತು ಕಿ.ಮೀ.ಗೂ ಹೆಚ್ಚು ದೂರ; ಒಟ್ಟು ಏರು ಅರವತ್ತು ಮೀಟರಿಗೂ ಕಡಿಮೆ. ಎಂದರೆ ಕಿಲೋಮೀಟರಿಗೆ ಸುಮಾರು ಒಂದು ಮೀಟರ್, ಅದೂ ಲಾಕುಗಳ ಪಕ್ಕದ ಪುಟ್ಟ ದಿಣ್ಣೆಗಳಲ್ಲೇ. ವಿದ್ಯಾರ್ಥಿಗಳು ಬೇಕಾದರೆ ಲೆಕ್ಕ ಮಾಡಿ ನೋಡಲಿ. ಸವಾರ, ಸೈಕಲ್ ಸೇರಿ 90 ಕಿಲೋ, ವೇಗ ಗಂಟೆಗೆ 15 ಕಿ.ಮೀ. ಎಂದಿಟ್ಟುಕೊಂಡರೆ ಸಮತಟ್ಟಿನಲ್ಲಿ ಬೇಕಾಗುವುದು ಸುಮಾರು 40 ವ್ಯಾಟ್. ನೂರು ಮೀಟರಿಗೆ ಒಂದೇ ಮೀಟರ್ ಏರಿದರೂ ಅದು ಹೆಚ್ಚುಕಡಿಮೆ ಇಮ್ಮಡಿ. ಐದು ಮೀಟರ್ ಏರಿದರೆ 200 ವ್ಯಾಟ್ ದಾಟಿ ನನ್ನಂಥವನು ಇಳಿದು ತಳ್ಳಬೇಕಾಗುತ್ತದೆ.

ಹಾಗೆಂದು ಎಲ್ಲವೂ ಹೂವಿನ ಹಾಸಿಗೆಯಲ್ಲ. ಆ ಸೀಮೆಯಲ್ಲಿ 'ಓತಾನ್' ಎಂಬ ಆಗ್ನೇಯ ಗಾಳಿ ಇದೆ. ನಾವು ಹೋಗುತ್ತಿದ್ದುದೂ ಆಗ್ನೇಯಕ್ಕೇ! ಗಂಟೆಗೆ 12 ಕಿ.ಮೀ. ವೇಗದಲ್ಲಿ ಹೋಗುವವನಿಗೆ 24 ಕಿ.ಮೀ. ವೇಗದ ಗಾಳಿ ಎದುರಾದರೆ ಮೈಗೆ ತಾಗುವ ಗಾಳಿಯ ವೇಗ ಮೂರು ಪಟ್ಟು, ತಡೆ ಒಂಬತ್ತು ಪಟ್ಟು. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ವರ್ಗದ ನಿಯಮ ನನ್ನ ತೊಡೆಗೆ ಅರ್ಥವಾದದ್ದು ಅಂದು. ಮಗಳು ಮುಂದೆ ಹೋಗಿ, 'ನನ್ನ ಹಿಂದೆಯೇ ಬನ್ನಿ ಅಪ್ಪ, ಗಾಳಿ ತಾಗುವುದಿಲ್ಲ' ಎಂದಳು. ಆ ಮಧ್ಯಾಹ್ನವೆಲ್ಲ ಅವಳ ಬೆನ್ನ ಮರೆಯಲ್ಲೇ ತುಳಿದೆ. ಇನ್ನು ಪೂರ್ಣ ಮೌನ ಎಂದುಕೊಂಡು ಹೋದವರಿಗೂ ಒಂದು ಮಾತು: ನೋರೂಸಿಗೆ ಸ್ವಲ್ಪ ಮೊದಲು ಹೆದ್ದಾರಿ ಕಾಲುವೆಯ ಮಗ್ಗುಲಿಗೇ ಬಂದು ಕೆಲ ಹೊತ್ತು ಗುಂಯ್‌ಗುಡುತ್ತದೆ.

ರಾತ್ರಿ ಗಾರ್ದೂಶ್ ಹತ್ತಿರದ ಹಳ್ಳಿಯ ಮನೆಯೊಂದರಲ್ಲಿ ಬಾಡಿಗೆ ಕೋಣೆ. ಆ ಸೀಮೆ ಒಂದು ಕಾಲಕ್ಕೆ ಪಾಸ್ತೆಲ್ ಎಂಬ ಗಿಡದ ನೀಲಿ ಬಣ್ಣದಿಂದ ಸಿರಿವಂತವಾಗಿತ್ತಂತೆ. ಆಮೇಲೆ ಭಾರತದ ಕಡೆಯಿಂದ ನೀಲಿ ಬಂತು, ಇವರ ವ್ಯಾಪಾರ ಬಿತ್ತು. ಮನೆಯೊಡತಿ ಇದನ್ನು ಹೇಳಿ ನಮ್ಮತ್ತ ನೋಡಿ ನಕ್ಕಾಗ ನಾನೂ ತಪ್ಪಿತಸ್ಥನಂತೆ ನಕ್ಕೆ. ಹುರುಳಿಬೀಜದ ಜೊತೆ ಮಾಂಸ ಬೇಯಿಸುವ ಕಸೂಲೆ ಅಲ್ಲಿನ ಹೆಸರುವಾಸಿ ಅಡುಗೆ. ನನಗೆ ಬ್ರೆಡ್ಡು, ಚೀಸು, ನಮ್ಮ ಚಟ್ನಿಪುಡಿ ಸಾಕಾಯಿತು.

ಸಸ್ಯಾಹಾರಿ ಎಂದಾಗ ನೆನಪಾಯಿತು. ಸೈಕಲ್ ಪ್ರವಾಸ ಎಂಬ ಹವ್ಯಾಸಕ್ಕೆ ಫ್ರಾನ್ಸಿನಲ್ಲಿ ದೊಡ್ಡಣ್ಣನಂತಿದ್ದ ಪಾಲ್ ದ ವಿವಿಯೂ ಸಸ್ಯಾಹಾರಿಯೇ. ದಕ್ಷಿಣದ ಪೆರ್ನ್ ಎಂಬ ಊರಿನಲ್ಲಿ 1853ರಲ್ಲಿ ಹುಟ್ಟಿದವನು. 'ವೆಲೋಸಿಯೊ' ಎಂಬ ಅಡ್ಡಹೆಸರಲ್ಲಿ ಬರೆಯುತ್ತಿದ್ದ. ಸೈಕಲ್ಲಿಗೆ ಗೇರ್ ಬೇಕು, ಸಾಮಾನ್ಯ ಮನುಷ್ಯನೂ ಬೆಟ್ಟ ಹತ್ತಬೇಕು ಎಂದು ಆಯುಷ್ಯವಿಡೀ ವಾದಿಸಿದ. ಗೇರ್ ಎಂದರೆ ಸೋಮಾರಿಗಳ ಉಪಾಯ ಎಂದು ಪಂದ್ಯದವರು ಮೂಗು ಮುರಿದರು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಗೇರಿಗೆ 'ಟೂರ್ ದ ಫ್ರಾನ್ಸ್' ಪಂದ್ಯದಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಆ ವರ್ಷ ಗೆದ್ದ ರೊಜೆ ಲಪೆಬಿಯ ಹೆಸರನ್ನು ಬೋರ್ಡೊ ಹತ್ತಿರ ಒಂದು ಸೈಕಲ್ ದಾರಿಗೆ ಇಟ್ಟಿದ್ದಾರೆ. ಅದೂ ಹಳೆಯ ರೈಲು ದಾರಿಯೇ. ಇದನ್ನು ನೋಡಲು ವೆಲೋಸಿಯೊ ಇರಲಿಲ್ಲ. 1930ರಲ್ಲಿ ಕಾರಿನಿಂದ ತಪ್ಪಿಸಿಕೊಳ್ಳಲು ಹಿಂದೆ ಸರಿದು ಟ್ರಾಮಿಗೆ ಸಿಕ್ಕಿ ಸತ್ತ.

1857ರಲ್ಲಿ ಬೋರ್ಡೊ-ಸೇತ್ ರೈಲು ಬಂದು ಕಾಲುವೆಯ ವ್ಯಾಪಾರವನ್ನು ಕಿತ್ತುಕೊಂಡಿತು. ಮುಂದೆ ಲಾರಿಗಳು ಬಂದು ಸಣ್ಣಪುಟ್ಟ ರೈಲು ದಾರಿಗಳನ್ನು ಮುಚ್ಚಿಸಿದವು. ಕುದುರೆ ಹೋದ ದಾರಿ, ರೈಲು ಹೋದ ದಾರಿ ಎರಡೂ ಖಾಲಿ ಉಳಿದವು. ಎರಡಕ್ಕೂ ಕಡಿದಾದ ಏರು ಆಗಿಬರುತ್ತಿರಲಿಲ್ಲ, ಆದ್ದರಿಂದ ಎರಡೂ ಸೈಕಲ್ಲಿಗೆ ಹೇಳಿ ಮಾಡಿಸಿದಂತಿವೆ. ಬೆದಾರ್ಯೂದಿಂದ ಮಾಜಾಮೆವರೆಗೆ ಬೆಟ್ಟಗಳ ನಡುವಿನ ಹಳೆಯ ರೈಲು ದಾರಿಯಲ್ಲಿ ಈಗ ಓಡುವುದು ಸೈಕಲ್ ಮಾತ್ರ. ಪ್ರೊವಾನ್ಸ್ ಪ್ರಾಂತದಲ್ಲಿ ರೋಮನ್ನರು ಕಟ್ಟಿದ ಜೂಲಿಯನ್ ಸೇತುವೆಯ ಮೇಲೆ 2005ರವರೆಗೂ ಕಾರು ಓಡುತ್ತಿದ್ದವು; ಪಕ್ಕದಲ್ಲಿ ಹೊಸ ಸೇತುವೆ ಕಟ್ಟಿ, ಹಳೆಯದನ್ನು ನಡೆಯುವವರಿಗೂ ಸೈಕಲಿನವರಿಗೂ ಬಿಟ್ಟರು. ಲಾರಿಯ ಹೆದರಿಕೆಗೆ ನಾನು ಸೈಕಲನ್ನೇ ಮೂಲೆಗೆ ಹಾಕಿದ್ದೆ. ಇವರು ಸೈಕಲ್ಲಿಗೆ ಲಾರಿ ಬರದ ದಾರಿ ಬಿಟ್ಟಿದ್ದರು.

ಕಾಲುವೆಯ ಮರಗಳ ಸಂಗತಿ ಮಾತ್ರ ಮನಸ್ಸಿಗೆ ಕಷ್ಟ. ಹತ್ತೊಂಬತ್ತನೇ ಶತಮಾನದಲ್ಲಿ ನೆಟ್ಟ ಪ್ಲೇನ್ ಮರಗಳು ಒಟ್ಟು 42 ಸಾವಿರದಷ್ಟಿದ್ದವು. ಅವಕ್ಕೊಂದು ಶಿಲೀಂಧ್ರ ರೋಗ ಬಂದಿರುವುದು 2006ರಲ್ಲಿ ಗೊತ್ತಾಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದಿಂದ ಬಂದ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಅದು ಫ್ರಾನ್ಸಿಗೆ ಕಾಲಿಟ್ಟಿತೆಂದು ಹೇಳುತ್ತಾರೆ. ಔಷಧವಿಲ್ಲ; ಕಡಿದು ಸುಡಬೇಕು. ಕಾರ್ಕಸೋನ್ ಆಚೆ ನೆರಳಿಲ್ಲದ ಬೋಳು ದಡಗಳನ್ನು ನಾನು ಆಮೇಲೆ ನೋಡಿದೆ. ಬೇರೆ ಜಾತಿಯ ಸಸಿ ನೆಟ್ಟಿದ್ದಾರೆ. ನೆರಳಿಗೆ ಅವು ಇನ್ನೂ ಬೆಳೆಯಬೇಕು.

ಎರಡನೆಯ ದಿನ ನೋರೂಸ್ ದಾಟಿದ ಮೇಲೆ ನುಣುಪು ಡಾಂಬರು ಮುಗಿದು ಮಣ್ಣು, ಜಲ್ಲಿ, ಬೇರುಗಳ ದಾರಿ. ಅಲ್ಲೇ ಎದುರಿನಿಂದ ಒಂದು ಹುಡುಗಿ ಬಂದಳು. ಎಂಟು ವರ್ಷವಿದ್ದೀತು. ಒಬ್ಬಳೇ. ನಮ್ಮನ್ನು ಕಂಡು ಬೆಲ್ ಬಾರಿಸಿ, 'ಬೊಂಜೂರ್' ಎಂದು ಹೋದಳು. ತಂದೆತಾಯಿ ಕಾಲು ಕಿಲೋಮೀಟರ್ ಹಿಂದೆ ಮಾತಾಡಿಕೊಂಡು ನಿಧಾನವಾಗಿ ಬರುತ್ತಿದ್ದರು. ಪಕ್ಕದಲ್ಲೇ ನೀರಿದೆ, ಆ ಹೆದರಿಕೆ ಅವರಿಗೂ ಇರುತ್ತದೆ. ಆದರೂ ಅಷ್ಟು ದೂರ ಬಿಟ್ಟಿದ್ದರು. ನಾನು ತಿರುಗಿ ಆ ಹುಡುಗಿಯನ್ನೇ ನೋಡುತ್ತಿದ್ದುದನ್ನು ಮಗಳು ಗಮನಿಸಿರಬೇಕು.

ಕಾಸ್ತೆಲ್ನೊದರಿಯಲ್ಲಿ ಕಾಲುವೆ ಅಗಲವಾಗಿ ಕೆರೆಯಂತಾಗುತ್ತದೆ. ಅಲ್ಲಿಂದ ಟುಲೂಸಿಗೆ ಸೈಕಲ್ಲುಗಳ ಸಮೇತ ರೈಲು ಹತ್ತಿದೆವು. ಎರಡು ದಿನದ ದಾರಿ ಒಂದು ಗಂಟೆಯೂ ಇಲ್ಲದೆ ಮುಗಿಯುತ್ತಿತ್ತು. ಮಗಳು ಕಿಟಕಿಯ ಆಚೆ ನೋಡುತ್ತಲೇ ಕೇಳಿದಳು:

'ಅಪ್ಪ, ನನ್ನ ಸೈಕಲ್ ಇನ್ನೂ ಕೊಟ್ಟಿಗೆಯಲ್ಲಿದೆಯಾ?'

'ಇದೆ. ಟಯರು, ಟ್ಯೂಬು ಎರಡೂ ಹೋಗಿವೆ.'

'ಬ್ರೇಕು?'

ಬ್ರೇಕು ಹೇಗಿದೆ ಎಂದು ನಾನು ನೋಡಿರಲಿಲ್ಲ.